ಗಿರಣಿಯಂಥ ಅಚ್ಚುಕೋಣೆ: ಒಂದು ಪ್ರೆಸ್ಸಿನ ಸುತ್ತ ಕಲಾವಿದರ ಬಳಗ ಕೂಡುವ ಬಗೆ

ಜೋಳದ ರೊಟ್ಟಿ ಮನೆಮನೆಯಲ್ಲೂ ಬಡಿಯುತ್ತಾರೆ, ಗಿರಣಿ ಮಾತ್ರ ಓಣಿಗೊಂದು. ಡಬ್ಬಿ ಹೊತ್ತು ಹೋಗಿ, ಪಾಳಿ ಹಚ್ಚಿ ನಿಂತು, ಹಿಟ್ಟು ಹಾಕಿಸಿಕೊಂಡು ಬರುವಷ್ಟರಲ್ಲಿ ಈ ಸಲದ ಜೋಳ ಯಾರದು ಚೆನ್ನಾಗಿದೆ, ಯಾರ ಹಿಟ್ಟಿನಲ್ಲಿ ಜಿಗಿ ಇಲ್ಲ ಎಂಬುದೆಲ್ಲ ಗೊತ್ತಾಗಿರುತ್ತದೆ. ಕಲಾವಿದರ ಲೋಕದಲ್ಲಿ ಆ ಗಿರಣಿಯ ಜಾಗದಲ್ಲಿರುವುದು ಮುದ್ರಣ ಕಲೆಯ ಸಾಮೂಹಿಕ ಕಾರ್ಯಾಗಾರ. ಒಂದು ಭಾರೀ ಪ್ರೆಸ್, ಒಂದು ನೀರಿನ ತೊಟ್ಟಿ, ಹಸಿ ಪ್ರತಿಗಳನ್ನು ಒಣಗಿಸುವ ಜಾಗ. ಹತ್ತು ಹದಿನೈದು ಜನ ಅದನ್ನು ಪಾಳಿಯ ಮೇಲೆ ಬಳಸುತ್ತಾರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಚಿತ್ರಕಲೆ ಕಲಿತು ಹೊರಬಿದ್ದ ಹುಡುಗ ಹುಡುಗಿಯರಿಗೆ ಪದವಿ ಮುಗಿದ ಮರುದಿನವೇ ಒಂದು ಪ್ರಶ್ನೆ ಎದುರಾಗುತ್ತದೆ: ಕಾಲೇಜಿನ ಪ್ರೆಸ್ ಕೈತಪ್ಪಿತು, ಇನ್ನು ಮುದ್ರಿಸುವುದೆಲ್ಲಿ? ಮನೆಯವರಿಗೆ ಇದೊಂದು ಪ್ರಶ್ನೆ ಅಂತಲೇ ಅನಿಸುವುದಿಲ್ಲ. ಬಣ್ಣ, ಕುಂಚ, ಕಾಗದ ಇದ್ದರೆ ಸಾಲದೇ ಅನ್ನುತ್ತಾರೆ. ಸಾಲದು. ಯಾಕೆ ಸಾಲದು ಎಂಬುದನ್ನು ಬಿಡಿಸಿ ನೋಡಿದರೆ, ಇಂಥ ಕೋಣೆಗಳ ಸುತ್ತ ಬಳಗ ಯಾಕೆ ಬೆಳೆಯುತ್ತದೆ ಎಂಬುದೂ ತಿಳಿಯುತ್ತದೆ.

ಗ್ರಾಫಿಕ್ಸ್ ಅಂದರೆ ಏನು

ಕಲಾ ಶಾಲೆಗಳಲ್ಲಿ ಈ ವಿಷಯವನ್ನು ‘ಗ್ರಾಫಿಕ್ಸ್’ ಅನ್ನುತ್ತಾರೆ. ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ. ಕಲಾವಿದ ಮೊದಲು ಒಂದು ಅಚ್ಚು ಮಾಡುತ್ತಾನೆ. ಅದು ಮರವಿರಬಹುದು, ತಗಡಿರಬಹುದು, ಕಲ್ಲಿರಬಹುದು, ಬಟ್ಟೆಯ ಜಾಲರಿ ಇರಬಹುದು. ಅದಕ್ಕೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದಾಗ ಬರುವ ಚಿತ್ರವೇ ಕೃತಿ. ಅಚ್ಚಿನ ಬಗೆ ನಾಲ್ಕು. ನಾಲ್ಕಕ್ಕೂ ಹೋಲಿಕೆ ನಮ್ಮ ಮನೆಯಲ್ಲೇ ಸಿಗುತ್ತದೆ.

ಉಬ್ಬಚ್ಚು ರಬ್ಬರ್ ಸ್ಟಾಂಪಿನ ಹಾಗೆ. ಬೇಡದ್ದನ್ನು ಕೆತ್ತಿ ತೆಗೆಯುತ್ತಾರೆ, ಮೇಲುಳಿದ ಭಾಗಕ್ಕೆ ಶಾಯಿ ಹತ್ತುತ್ತದೆ. ಮರದಲ್ಲಿ ಕೆತ್ತಿದರೆ ವುಡ್‌ಕಟ್, ಲಿನೋಲಿಯಂ ಹಾಳೆಯಲ್ಲಿ ಕೆತ್ತಿದರೆ ಲಿನೋಕಟ್. ದಂಡಿ ಯಾತ್ರೆಯ ಗಾಂಧೀಜಿ ಕೋಲು ಹಿಡಿದು ನಡೆಯುವ ಕಪ್ಪು-ಬಿಳುಪಿನ ಚಿತ್ರವನ್ನು ನೋಡದವರು ಕಡಿಮೆ. ಅದು ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಲಿನೋಕಟ್.

ತಗ್ಗಚ್ಚು ಇದರ ತಿರುವುಮುರುವು. ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಯ ಮೇಲೆ ಹೆಸರು ಕೊರೆಸುತ್ತೇವಲ್ಲ, ನಾಲ್ಕು ವರ್ಷ ಕಳೆದ ಮೇಲೆ ಅದನ್ನು ನೋಡಿ. ಡಬ್ಬಿ ತಿಕ್ಕಿ ತಿಕ್ಕಿ ಬೆಳ್ಳಗಾಗಿರುತ್ತದೆ, ಹೆಸರಿನ ಗೆರೆಯೊಳಗೆ ಮಾತ್ರ ಕರಿ ಕೂತಿರುತ್ತದೆ. ತಗ್ಗಚ್ಚು ನಡೆಯುವುದು ಹೀಗೇ. ತಗಡಿನ ಮೇಲೆ ಗೆರೆ ತಗ್ಗು ಮಾಡಿ, ತಗ್ಗಿನೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವನ್ನು ಆ ತಗ್ಗಿನೊಳಗೆ ಒತ್ತಿ ಶಾಯಿ ಎಬ್ಬಿಸುತ್ತಾರೆ. ಗೆರೆಯನ್ನು ರಾಸಾಯನಿಕದಿಂದ ತಗ್ಗು ಮಾಡಿದರೆ ಎಚಿಂಗ್, ಸೂಜಿಯಿಂದಲೇ ಗೀರಿದರೆ ಡ್ರೈಪಾಯಿಂಟ್.

ಕಲ್ಲಚ್ಚಿನಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಎಣ್ಣೆ ಜಿಡ್ಡಿನ ತಟ್ಟೆಯ ಮೇಲೆ ನೀರು ನಿಲ್ಲದೆ ಜಾರುತ್ತದಲ್ಲ, ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ನುಣ್ಣನೆಯ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಗೋಂದು ಮತ್ತು ಆಮ್ಲದ ಸಂಸ್ಕಾರ ಕೊಟ್ಟು, ಕಲ್ಲನ್ನು ನೀರಿನಿಂದ ತೇವ ಮಾಡಿ ಶಾಯಿಯ ರೋಲರ್ ಆಡಿಸಿದರೆ, ಜಿಡ್ಡಿರುವಲ್ಲಿ ಶಾಯಿ ಹತ್ತುತ್ತದೆ, ನೀರಿರುವಲ್ಲಿ ಹತ್ತುವುದಿಲ್ಲ. ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ 18ನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿಧಾನವಿದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಿಂದಲೇ.

ನಾಲ್ಕನೆಯದು ಸ್ಕ್ರೀನ್. ಪುಡಿ ಉದುರಿಸಿ ಎಳೆಯುವ ರಂಗೋಲಿ ಜಾಲರಿ ಎಲ್ಲರಿಗೂ ಗೊತ್ತು. ತೂತು ಇರುವಲ್ಲಿ ಪುಡಿ ಬೀಳುತ್ತದೆ, ಮುಚ್ಚಿದಲ್ಲಿ ಬೀಳುವುದಿಲ್ಲ. ಲಗ್ನಪತ್ರಿಕೆ, ಕೈಚೀಲ ಮುದ್ರಿಸುವ ಅಂಗಡಿಗಳಲ್ಲಿ ದಿನವೂ ನಡೆಯುವ ಕೆಲಸ ಇದೇ. ಹಾಗಾಗಿ ಈ ಒಂದು ವಿದ್ಯೆಗೆ ಗುರುಗಳು ನಮ್ಮ ಪ್ರತಿ ಊರಿನ ಪೇಟೆಯಲ್ಲೂ ಇದ್ದಾರೆ.

ಹತ್ತು ಪ್ರತಿ ಬಂದರೂ ಅಸಲು ಹೇಗೆ

ಇಲ್ಲಿ ಬಹಳ ಜನ ಎಡವುತ್ತಾರೆ. ದೇವರ ಕೋಣೆಯಲ್ಲಿ ತೂಗುವ ಹಳೆಯ ಲಕ್ಷ್ಮಿ, ಸರಸ್ವತಿಯರ ಚಿತ್ರಗಳೂ ಅಚ್ಚಿನವೇ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ್ದು ತನ್ನ ವರ್ಣಚಿತ್ರಗಳನ್ನು ಕಲ್ಲಚ್ಚಿನಲ್ಲಿ ಸಾವಿರಾರು ಪ್ರತಿ ಮಾಡಿ ಮನೆಮನೆಗೆ ತಲುಪಿಸಲು. ಅಲ್ಲಿ ಅಸಲು ಎಂದರೆ ಕ್ಯಾನ್‌ವಾಸು, ಅಚ್ಚು ಅದರ ನಕಲು. ಮುದ್ರಣ ಕಲಾವಿದನ ಕೆಲಸದಲ್ಲಿ ಅಚ್ಚಿಗೆ ಮೊದಲು ಯಾವ ಅಸಲೂ ಇರುವುದಿಲ್ಲ. ತಗಡಿನ ಮೇಲೆಯೇ ಚಿತ್ರ ಹುಟ್ಟುತ್ತದೆ, ಕಾಗದದ ಮೇಲೆಯೇ ಮುಗಿಯುತ್ತದೆ. ಹತ್ತು ಪ್ರತಿ ತೆಗೆದರೆ ಹತ್ತೂ ಅಸಲೇ.

ಆ ಹತ್ತರ ಗುಂಪಿಗೆ ಎಡಿಷನ್ ಅನ್ನುತ್ತಾರೆ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 3/10 ಎಂದು ಬರೆದಿದ್ದರೆ, ಒಟ್ಟು ಹತ್ತರಲ್ಲಿ ಇದು ಮೂರನೆಯದು ಎಂದರ್ಥ. ‘ಎ.ಪಿ.’ ಎಂದಿದ್ದರೆ ಕಲಾವಿದ ತನಗಾಗಿ ಇಟ್ಟುಕೊಂಡ ಪ್ರತಿ. ಎಡಿಷನ್ ಮುಗಿದ ಮೇಲೆ ತಗಡಿನ ಮೇಲೆ ಅಡ್ಡ ಗೀರು ಹೊಡೆದು ಅದನ್ನು ರದ್ದು ಮಾಡುವುದು ರೂಢಿ. ಕೊಂಡವರಿಗೆ ಕೊಟ್ಟ ಮಾತು ಅದು. ಒಂದೇ ಕೃತಿ ಹತ್ತು ಕೈಗೆ ಹೋಗಬಲ್ಲದು ಎಂಬ ಈ ಗುಣವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಬ್ಬರಿಂದ ಯಾಕೆ ಆಗದು

ಬೆಳಗಾವಿಗೆ ಜಲವರ್ಣದ, ನಿಸರ್ಗಚಿತ್ರದ ದೊಡ್ಡ ಪರಂಪರೆ ಇದೆ. ಕೆ.ಬಿ. ಕುಲಕರ್ಣಿಯವರ ‘ಚಿತ್ರಮಂದಿರ’ ಎಂಬ ಕಲಾಶಾಲೆಯಲ್ಲಿ ಕಲಿತವರಲ್ಲಿ ರವಿ ಪರಾಂಜಪೆಯಂಥವರಿದ್ದಾರೆ. ಜಲವರ್ಣಕ್ಕೆ ಒಂದು ಪೆಟ್ಟಿಗೆ, ಒಂದು ಹಲಗೆ, ಒಂದು ತಂಬಿಗೆ ನೀರು ಸಾಕು. ಬಯಲಿಗೆ ಒಬ್ಬರೇ ಹೋಗಿ ಕೂತು ಮಾಡಿ ಬರಬಹುದು.

ಎಚಿಂಗ್ ಹಾಗಲ್ಲ. ಅದರ ಪ್ರೆಸ್ಸನ್ನು ನೋಡದವರು ಕಬ್ಬಿನ ಹಾಲು ತೆಗೆಯುವ ಗಾಣವನ್ನು ನೆನೆಸಿಕೊಳ್ಳಿ. ಮೇಲೊಂದು, ಕೆಳಗೊಂದು ಉಕ್ಕಿನ ರೋಲರ್. ನಡುವೆ ಜಲ್ಲೆಯ ಬದಲು ಒಂದು ದಪ್ಪ ಉಕ್ಕಿನ ಹಾಸು ಆಚೀಚೆ ಓಡುತ್ತದೆ. ಹಾಸಿನ ಮೇಲೆ ತಗಡು, ತಗಡಿನ ಮೇಲೆ ಒದ್ದೆ ಕಾಗದ, ಅದರ ಮೇಲೆ ಎರಡು ಮೂರು ಪದರ ಫೆಲ್ಟ್, ಅಂದರೆ ಒತ್ತಿ ಮಾಡಿದ ಉಣ್ಣೆಯ ದಪ್ಪ ಬಟ್ಟೆ. ದೊಡ್ಡ ಚಕ್ರ ತಿರುಗಿಸಿದರೆ ಇದೆಲ್ಲ ರೋಲರುಗಳ ನಡುವೆ ಹಾಯುತ್ತದೆ. ಕಾಗದ ಕೂದಲೆಳೆಯಂಥ ಗೆರೆಯೊಳಗೆ ಇಳಿದು ಶಾಯಿಯನ್ನು ಎತ್ತಿಕೊಳ್ಳಬೇಕಾದರೆ ಅಷ್ಟು ಒತ್ತಡ ಬೇಕೇ ಬೇಕು. ಅಷ್ಟು ಒತ್ತಡ ತಡೆಯುವ ಚೌಕಟ್ಟು ನೂರಾರು ಕಿಲೋ ತೂಗುತ್ತದೆ. ಮಾಳಿಗೆಯ ಮೇಲೆ ಇಡಲಾಗದು, ನೆಲಮಹಡಿಯೇ ಬೇಕು.

ಇಷ್ಟು ದೊಡ್ಡ ಯಂತ್ರಕ್ಕೆ ದಿನವಿಡೀ ಕೆಲಸ ಇರುತ್ತದೆಯೇ ಎಂದರೆ ಅದೂ ಇಲ್ಲ. ಒಬ್ಬ ಕಲಾವಿದ ತಿಂಗಳಲ್ಲಿ ಹೆಚ್ಚಿನ ದಿನ ತಗಡಿನ ಮೇಲೆ ಗೆರೆ ಎಳೆಯುತ್ತಿರುತ್ತಾನೆ, ಮುದ್ರಿಸುವುದು ಎರಡು ಮೂರು ದಿನ. ಉಳಿದ ದಿನ ಪ್ರೆಸ್ ಸುಮ್ಮನೆ ನಿಲ್ಲುತ್ತದೆ. ಗಿರಣಿಯ ಲೆಕ್ಕವೇ ಇಲ್ಲಿಗೂ ಸಲ್ಲುತ್ತದೆ: ಒಬ್ಬರಿಗೆ ಹೊರೆ, ಹನ್ನೆರಡು ಜನಕ್ಕೆ ಹಗುರ.

ಒಂದು ತಗಡಿನ ದಾರಿ

ಬಳಗದ ಮಾತಿಗೆ ಬರುವ ಮೊದಲು ಒಂದು ಎಚಿಂಗ್ ಮೊದಲಿನಿಂದ ಕೊನೆಯವರೆಗೆ ಹೇಗೆ ಸಾಗುತ್ತದೆ ನೋಡೋಣ. ಪ್ರತಿ ಹಂತದಲ್ಲೂ ಏನು ಕೆಡಬಹುದು ಎಂಬುದು ತಿಳಿದರೆ, ಪಕ್ಕದಲ್ಲಿ ಇನ್ನೊಬ್ಬರು ಇರುವುದು ಯಾಕೆ ಮುಖ್ಯ ಎಂದು ಬೇರೆ ಹೇಳಬೇಕಿಲ್ಲ.

ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಸತುವಿನ ಅಥವಾ ತಾಮ್ರದ ತಗಡು ತೆಗೆದುಕೊಳ್ಳುತ್ತಾರೆ. ಮೊದಲ ಕೆಲಸ ನಾಲ್ಕೂ ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜುವುದು. ಬೇಸರದ ಕೆಲಸವೆಂದು ಹೊಸಬರು ಇದನ್ನು ಹಾರಿಸಿಬಿಡುತ್ತಾರೆ. ಚೂಪಾದ ಅಂಚು ಪ್ರೆಸ್ಸಿನ ಒತ್ತಡದಲ್ಲಿ ಕಾಗದವನ್ನಷ್ಟೇ ಅಲ್ಲ, ಫೆಲ್ಟನ್ನೂ ಕತ್ತರಿಸುತ್ತದೆ. ಫೆಲ್ಟ್ ಕೆಟ್ಟರೆ ಆ ಗೀರು ಮುಂದೆ ಎಲ್ಲರ ಚಿತ್ರದಲ್ಲೂ ಮೂಡುತ್ತದೆ.

ಆಮೇಲೆ ಸೀಮೆಸುಣ್ಣದ ಪುಡಿಯಿಂದ ತಿಕ್ಕಿ ಜಿಡ್ಡು ತೆಗೆಯಬೇಕು. ನೀರು ಬಿಟ್ಟಾಗ ಹನಿಹನಿಯಾಗಿ ಒಡೆಯದೆ ಹಾಳೆಯಂತೆ ಹರಿದರೆ ಜಿಡ್ಡು ಹೋಗಿದೆ ಎಂದು ತಿಳಿಯಬೇಕು. ಒಂದು ಬೆರಳಿನ ಗುರುತು ಉಳಿದರೂ ಅಲ್ಲಿ ಲೇಪ ಕಿತ್ತು ಬರುತ್ತದೆ. ಲೇಪ ಎಂದರೆ ಜೇನುಮೇಣ, ಡಾಂಬರಿನ ಜಾತಿಯ ಆಸ್ಫಾಲ್ಟಂ ಮತ್ತು ರಾಳ ಸೇರಿದ ಗ್ರೌಂಡ್. ಅದು ಒಣಗಿದ ಮೇಲೆ ಸೂಜಿಯಿಂದ ಚಿತ್ರ ಬರೆಯುತ್ತಾರೆ. ಲೋಹವನ್ನು ಕೊರೆಯುವುದು ಬೇಡ, ಲೇಪ ಹೋಗಿ ಲೋಹ ಕಂಡರೆ ಸಾಕು. ಕಾಗದಕ್ಕೆ ಬಂದಾಗ ಎಡ ಬಲ ತಿರುವುಮುರುವಾಗುತ್ತದೆ. ಕನ್ನಡ ಅಕ್ಷರ ಬರೆಯುವವರು ಮೊದಲ ಸಲ ಉಲ್ಟಾ ಬರೆಯಲು ಮರೆಯುವುದು, ಮುದ್ರಿಸಿದ ಮೇಲೆ ಕನ್ನಡಿ ಹುಡುಕುವುದು ನಡೆದೇ ಇರುತ್ತದೆ.

ಈಗ ತಗಡು ದ್ರಾವಣಕ್ಕೆ ಇಳಿಯುತ್ತದೆ. ಲೇಪ ಹೋದ ಗೆರೆಯಲ್ಲಿ ಮಾತ್ರ ದ್ರಾವಣ ಲೋಹವನ್ನು ತಿಂದು ತಗ್ಗು ಮಾಡುತ್ತದೆ. ಹಳೆಯ ಪದ್ಧತಿ ನೈಟ್ರಿಕ್ ಆಮ್ಲ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಸತುವಿಗೆ ಈಗ ಎಷ್ಟೋ ಕಡೆ ಬಳಸುವುದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಅಡುಗೆ ಉಪ್ಪು. ತಿಕೋಟಾ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಮೈಲುತುತ್ತದ ಪರಿಚಯ ಹೇಳಬೇಕಿಲ್ಲ, ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಬೆರೆಸುವುದು ಇದನ್ನೇ. ಒಂದು ಲೀಟರ್ ನೀರಿಗೆ ಮೈಲುತುತ್ತ 50ರಿಂದ 75 ಗ್ರಾಂ, ಅಷ್ಟೇ ತೂಕದ ಉಪ್ಪು. ಪ್ಲಾಸ್ಟಿಕ್ ತೊಟ್ಟಿಯಲ್ಲೇ ಕಲಸಬೇಕು, ಕಬ್ಬಿಣದ ಪಾತ್ರೆಯಾದರೆ ದ್ರಾವಣ ಪಾತ್ರೆಯನ್ನೇ ತಿನ್ನುತ್ತದೆ. ತಗಡು ಇಳಿಸಿದ ಸ್ವಲ್ಪ ಹೊತ್ತಿಗೇ ಗೆರೆಗಳಲ್ಲಿ ಕೆಂಪು ಕೆಸರು ಏಳುತ್ತದೆ. ಹೆದರಬೇಕಿಲ್ಲ, ಅದು ದ್ರಾವಣದಿಂದ ಬಿಟ್ಟುಕೊಂಡ ತಾಮ್ರ. ಮೃದು ಕುಂಚದಿಂದ ಆಗಾಗ ಸವರಿ ತೆಗೆಯದಿದ್ದರೆ ಗೆರೆ ಏಕಸಮವಾಗಿ ಇಳಿಯುವುದಿಲ್ಲ. ನೀಲಿ ಬಣ್ಣ ಪೇಲವವಾಗುತ್ತ ಬಂದರೆ ದ್ರಾವಣದ ಬಲ ಮುಗಿಯುತ್ತಿದೆ ಎಂದರ್ಥ.

ತೆಳು ಗೆರೆಗೆ ಹತ್ತು ನಿಮಿಷದ ಆಸುಪಾಸು, ಗಾಢ ಗೆರೆಗೆ ಮುಕ್ಕಾಲು ಗಂಟೆಯೂ ಆಗಬಹುದು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ದ್ರಾವಣ ಚುರುಕು, ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಮಂದ. ಆದ್ದರಿಂದ ಪುಸ್ತಕದ ಲೆಕ್ಕಕ್ಕಿಂತ ಗೋಡೆಯ ಮೇಲಿನ ಪರೀಕ್ಷಾ ಪಟ್ಟಿ ಮುಖ್ಯ. ಒಂದು ಸಣ್ಣ ತಗಡಿನಲ್ಲಿ 5, 10, 20, 40 ನಿಮಿಷ ಇಳಿಸಿದ ಗೆರೆಗಳನ್ನು ಮುದ್ರಿಸಿ, ದಿನಾಂಕ, ದ್ರಾವಣದ ವಯಸ್ಸು, ಕೋಣೆಯ ಉಷ್ಣತೆ ಬರೆದು ಅಂಟಿಸುತ್ತಾರೆ. ಒಬ್ಬರು ಮಾಡಿದ ಪಟ್ಟಿ ಎಲ್ಲರಿಗೂ ಬರುತ್ತದೆ. ಎರಡು ಮೂರು ವರ್ಷ ನಡೆದ ಕಾರ್ಯಾಗಾರದ ನಿಜವಾದ ಆಸ್ತಿ ಈ ಗೋಡೆ.

ಅಷ್ಟರಲ್ಲಿ ಕಾಗದ ನೀರಲ್ಲಿ ನೆನೆದಿರಬೇಕು. ಹತ್ತಿ ನಾರಿನ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಕಾಗದಕ್ಕೆ ಅರ್ಧ ಗಂಟೆ. ತೆಗೆದು ಒತ್ತುಕಾಗದದ ನಡುವೆ ಇಟ್ಟು ನೀರು ಹೀರಿಸಬೇಕು. ಹದ ಗೊತ್ತಾಗುವುದು ಕಣ್ಣಿನಿಂದ. ಓರೆಯಾಗಿ ಹಿಡಿದು ನೋಡಿದರೆ ಹೊಳಪು ಇರಬಾರದು, ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು. “ಇನ್ನೂ ಮಿಂಚಾಕತ್ತೈತಿ ತಮ್ಮಾ, ಇನ್ನೊಂದ್ಸಲ ಒತ್ತು” ಎಂಬ ಮಾತು ಇಂಥ ಕೋಣೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಬರುತ್ತದೆ. ನೀರು ಹೆಚ್ಚಿದ್ದರೆ ಕಾಗದ ಶಾಯಿ ಹಿಡಿಯದು, ತಗಡಿಗೆ ಅಂಟಿ ಹರಿಯುತ್ತದೆ. ಒಣಗಿದ್ದರೆ ಗೆರೆ ತುಂಡುತುಂಡಾಗಿ ಬರುತ್ತದೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಒತ್ತಿಟ್ಟ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಮುಚ್ಚಿಡದಿದ್ದರೆ ತಗಡು ಒರೆಸುವಷ್ಟರಲ್ಲೇ ಒಣಗಿಬಿಡುತ್ತದೆ. ಬೆಳಗಾವಿಯ ಮಳೆಗಾಲದ ಕಷ್ಟ ಬೇರೆ. ಅಲ್ಲಿ ತೇವದ ಕಾಗದ ಎರಡು ಮೂರು ದಿನ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಶಾಯಿಯನ್ನು ದಪ್ಪ ಕಾಗದದ ತುಂಡಿನಿಂದ ಲೇಪ ತೆಗೆದ ತಗಡಿಗೆ ಮೆತ್ತಿ, ಗಂಜಿ ಹಾಕಿದ ಜಾಳು ಬಟ್ಟೆಯ ಮುದ್ದೆಯಿಂದ ವರ್ತುಲವಾಗಿ ಒರೆಸುತ್ತಾರೆ. ಜೋರಾಗಿ ಒರೆಸಿದರೆ ಗೆರೆಯೊಳಗಿನ ಶಾಯಿಯೂ ಬರುತ್ತದೆ, ಹಗುರಾಗಿ ಒರೆಸಿದರೆ ಚಿತ್ರವೆಲ್ಲ ಮಂಕು. ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಮೇಲ್ಮೈಯನ್ನು ತೇಲಿಸಿ ಒರೆಸುವುದು. ಒಂದು ಪ್ರತಿಗೆ ಈ ಎಲ್ಲ ಸೇರಿ ಇಪ್ಪತ್ತರಿಂದ ಮೂವತ್ತು ನಿಮಿಷ. ಹತ್ತು ಪ್ರತಿ ಎಂದರೆ ನಾಲ್ಕೈದು ಗಂಟೆಯ ಕೆಲಸ.

ಕರಿ ಕೈ, ಬಿಳಿ ಕೈ

ಈಗ ಆ ಕ್ಷಣಕ್ಕೆ ಬನ್ನಿ. ತಗಡು ಒರೆಸಿದವರ ಎರಡೂ ಕೈ ಮೊಣಕೈವರೆಗೆ ಕರಿ. ಮೇಲಿಡಬೇಕಾದ ಕಾಗದ ಅಚ್ಚ ಬಿಳಿ. ಕೈ ತೊಳೆದು ಬರುವುದೆಂದರೆ ಹತ್ತು ಪ್ರತಿಗೆ ಹತ್ತು ಸಲ. ಒಬ್ಬರೇ ಇದ್ದಾಗ ಮಡಚಿದ ಕಾಗದದ ಚೂರುಗಳಿಂದ ಚಿಮಟದಂತೆ ಹಿಡಿದು ಹೇಗೋ ಮಾಡುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಕೆಲಸ ತಾನಾಗಿ ಹಂಚಿಕೊಳ್ಳುತ್ತದೆ. ಕರಿ ಕೈಯವರು ತಗಡು ಇಡುತ್ತಾರೆ, ಬಿಳಿ ಕೈಯವರು ಕಾಗದ ಇಟ್ಟು ಫೆಲ್ಟ್ ಹಾಸಿ ಚಕ್ರ ತಿರುಗಿಸುತ್ತಾರೆ. ಅರ್ಧ ದಿನ ಕಳೆದ ಮೇಲೆ ಪಾತ್ರ ಬದಲು.

ಬಳಗ ಹುಟ್ಟುವುದು ಇಲ್ಲಿಂದ. ಬಿಳಿ ಕೈಯವರು ಪ್ರತಿ ಸಲ ಕಾಗದ ಎತ್ತಿದಾಗಲೂ ಇನ್ನೊಬ್ಬರ ಚಿತ್ರವನ್ನು ಮೊದಲು ನೋಡುವವರು ಅವರೇ. ಬಲಮೂಲೆ ತೆಳುವಾಯಿತೇ, ಕಪ್ಪು ಸಾಲದೇ, ಈ ಗೆರೆಯೇ ಬೇಡವಾಗಿತ್ತೇ? ಕಲೆಯ ಬಗ್ಗೆ ಇದಕ್ಕಿಂತ ನೇರವಾದ ಮಾತುಕತೆ ಉದ್ಘಾಟನೆಯ ವೇದಿಕೆಗಳಲ್ಲಿ ನಡೆಯುವುದಿಲ್ಲ. ಚಿತ್ರಕಾರ ತನ್ನ ಕೋಣೆಯಲ್ಲಿ ಕೆಡಿಸಿದ ಕ್ಯಾನ್‌ವಾಸನ್ನು ಗೋಡೆಗೆ ಮುಖ ಮಾಡಿ ಇಟ್ಟರೆ ಯಾರಿಗೂ ಗೊತ್ತಾಗದು. ಇಲ್ಲಿ ಕೆಟ್ಟ ಪ್ರತಿಯೂ ಎಲ್ಲರೆದುರು ತಂತಿಯ ಮೇಲೆ ಒಣಗುತ್ತದೆ. ಹಿರಿಯರದೂ ಕೆಡುತ್ತದೆ ಎಂದು ಕಿರಿಯರು ಕಣ್ಣಾರೆ ಕಾಣುತ್ತಾರೆ. ನಮ್ಮ ಕಡೆಯ ಕುಸ್ತಿಯ ತಾಲೀಮಿನಲ್ಲಿ ಹೊಸ ಹುಡುಗ ಮೊದಲು ಕಲಿಯುವುದು ಉಸ್ತಾದರು ಬೀಳುವುದನ್ನೂ ಏಳುವುದನ್ನೂ ನೋಡುತ್ತ. ಕಲಿಕೆಯ ಕ್ರಮ ಇಲ್ಲೂ ಅದೇ.

ಎರಡನೆಯ ಎಳೆ, ಮೊದಲೇ ಹೇಳಿದ ಆ ಹತ್ತು ಪ್ರತಿಗಳದು. ಹನ್ನೆರಡು ಜನ ಸೇರಿ ಒಂದೇ ಅಳತೆಯ ಕಾಗದದ ಮೇಲೆ ತಲಾ ಒಂದು ಕೃತಿ ಮಾಡುತ್ತಾರೆ ಅನ್ನಿ. ಪ್ರತಿಯೊಬ್ಬರೂ 14 ಪ್ರತಿ ತೆಗೆಯುತ್ತಾರೆ. ಹನ್ನೆರಡು ಜನಕ್ಕೆ ಒಂದೊಂದು, ಕಾರ್ಯಾಗಾರದ ಸಂಗ್ರಹಕ್ಕೆ ಒಂದು, ಪ್ರದರ್ಶನಕ್ಕೆ ಒಂದು. ಒಟ್ಟು 168 ಹಾಳೆ, 14 ಪೆಟ್ಟಿಗೆ. ಕೊನೆಗೆ ಪ್ರತಿಯೊಬ್ಬರೂ ಹನ್ನೆರಡು ಕೃತಿಗಳಿರುವ ಪೆಟ್ಟಿಗೆ ಹೊತ್ತು ಮನೆಗೆ ಹೋಗುತ್ತಾರೆ. ಇದಕ್ಕೆ ವಿನಿಮಯ ಪೋರ್ಟ್‌ಫೋಲಿಯೊ ಅನ್ನುತ್ತಾರೆ. ಹಣ ಕೈ ಬದಲಾಗುವುದಿಲ್ಲ, ಇಳಕಲ್ಲಿನಲ್ಲಿ ಕೂತವರ ಗೋಡೆಯ ಮೇಲೆ ಖಾನಾಪುರದವರ ಕೆಲಸ ತೂಗುತ್ತದೆ. ಪ್ರದರ್ಶನದ ಪೆಟ್ಟಿಗೆಯನ್ನು ಅಂಚೆಯಲ್ಲಿ ಇನ್ನೊಂದು ಊರಿನ ಕಾರ್ಯಾಗಾರಕ್ಕೆ ಕಳಿಸಿದರೆ ಅಲ್ಲಿಂದ ಇನ್ನೊಂದು ಪೆಟ್ಟಿಗೆ ಬರುತ್ತದೆ. ಕ್ಯಾನ್‌ವಾಸಿನಲ್ಲಿ ಈ ಕೊಡುಕೊಳೆ ಅಸಾಧ್ಯ.

ಕಲ್ಲಚ್ಚಿನಲ್ಲಿ ಹಂಚಿಕೆ ಇನ್ನೂ ಆಳದ್ದು. ಒಳ್ಳೆಯ ಕಲ್ಲು ದುರ್ಲಭ. ಒಬ್ಬರ ಎಡಿಷನ್ ಮುಗಿದ ಮೇಲೆ ಕಲ್ಲಿನ ಮೇಲೆ ಕಾರ್ಬೊರಂಡಮ್ ಎಂಬ ಗಟ್ಟಿ ಉಜ್ಜುಪುಡಿ, ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಿ ಹಳೆಯ ಚಿತ್ರವನ್ನು ಅಳಿಸುತ್ತಾರೆ. ಅದೇ ಕಲ್ಲು ಮುಂದಿನವರಿಗೆ. ಸರಿಯಾಗಿ ಉಜ್ಜದಿದ್ದರೆ ಹಿಂದಿನವರ ಜಿಡ್ಡು ಉಳಿದು, ಹೊಸ ಚಿತ್ರದ ನಡುವೆ ಹಳೆಯ ಮುಖವೊಂದು ಮಸುಕಾಗಿ ಏಳುತ್ತದೆ.

ಬೇರೆಡೆ ಇದು ನಡೆದ ಬಗೆ

ಇಂಗ್ಲೆಂಡಿನ ಸ್ಟ್ಯಾನ್ಲಿ ಹೇಟರ್ 1927ರಲ್ಲಿ ಪ್ಯಾರಿಸಿನಲ್ಲಿ ತೆರೆದ ‘ಅಟೆಲಿಯೆ 17’ ಇಂಥ ಕೋಣೆಗಳಲ್ಲಿ ಹೆಸರಾದದ್ದು. ಚಿತ್ತೂರು ಸೀಮೆಯಲ್ಲಿ 1925ರಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಕಲಿತ ಕೃಷ್ಣ ರೆಡ್ಡಿ ಅಲ್ಲಿಗೆ ಹೋಗಿ, ಮುಂದೆ ಅದರ ಸಹನಿರ್ದೇಶಕರೂ ಆದರು. ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನ ರೂಪುಗೊಂಡದ್ದು ಆ ಕೋಣೆಯಲ್ಲಿ, ಹೇಟರ್, ಕೃಷ್ಣ ರೆಡ್ಡಿ ಮತ್ತು ಮುಂಬಯಿಯ ಕೈಕೊ ಮೋತಿ ಇವರ ಕೈಗಳಲ್ಲಿ. ಒಂದು ಶಾಯಿಗೆ ಎಣ್ಣೆ ಹೆಚ್ಚು ಹಾಕಿ ಸಡಿಲ ಮಾಡುತ್ತಾರೆ, ಇನ್ನೊಂದನ್ನು ಗಟ್ಟಿ ಇಡುತ್ತಾರೆ. ಗಟ್ಟಿ ರಬ್ಬರಿನ ರೋಲರ್ ಸಡಿಲ ಶಾಯಿಯನ್ನು ತಗಡಿನ ಎತ್ತರದ ಭಾಗಕ್ಕೆ ಹಚ್ಚುತ್ತದೆ. ಮೆತ್ತನೆಯ ರೋಲರ್ ಗಟ್ಟಿ ಶಾಯಿಯನ್ನು ತಗ್ಗಿಗೂ ಮುಟ್ಟಿಸುತ್ತದೆ, ಆದರೆ ಎಣ್ಣೆ ಹೆಚ್ಚಿದ್ದ ಕಡೆ ಗಟ್ಟಿ ಶಾಯಿ ಹತ್ತುವುದೇ ಇಲ್ಲ. ಎಷ್ಟು ಎಣ್ಣೆ, ಎಷ್ಟು ಮೆತ್ತಗಿನ ರಬ್ಬರು ಎಂಬುದನ್ನು ಹಲವರು ಹಲವು ತಗಡುಗಳ ಮೇಲೆ ಮಾಡಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ ಹದಕ್ಕೆ ತಂದದ್ದು. ಒಂಟಿ ಕೋಣೆಯಲ್ಲಿ ಇಂಥದ್ದು ಹುಟ್ಟುವುದು ಕಷ್ಟ.

ಸ್ಕಾಟ್ಲೆಂಡಿನಲ್ಲಿ 1967ರಲ್ಲಿ ಶುರುವಾದ ಎಡಿನ್‌ಬರೋ ಪ್ರಿಂಟ್‌ಮೇಕರ್ಸ್ ಯಾರು ಬೇಕಾದರೂ ಶುಲ್ಕ ಕೊಟ್ಟು ಬಳಸುವ ಪದ್ಧತಿಯನ್ನು ತಂದಿತು. ದೆಹಲಿಯಲ್ಲಿ ಲಲಿತ ಕಲಾ ಅಕಾಡೆಮಿಯ ಗಢಿ ಸ್ಟುಡಿಯೊಗಳು 1976ರಲ್ಲಿ ತೆರೆದವು. ಕಾಲೇಜು ಬಿಟ್ಟ ಮುದ್ರಣ ಕಲಾವಿದರಿಗೆ ಅಲ್ಲಿನ ಪ್ರೆಸ್ಸುಗಳೇ ಆಸರೆಯಾದವು.

ಕೆಡುವುದು ಎಲ್ಲಿ

ಇಂಥ ಕೋಣೆಗಳು ಬಾಗಿಲು ಹಾಕುವುದು ಕಲೆಯ ಭಿನ್ನಾಭಿಪ್ರಾಯದಿಂದಲ್ಲ, ತೊಳೆಯದ ರೋಲರಿನಿಂದ. ಶಾಯಿ ಒಣಗಿ ಗಟ್ಟಿಯಾದ ರೋಲರ್ ಮತ್ತೆ ಸಮತಟ್ಟಾಗುವುದಿಲ್ಲ. ಯಾರು ಬಿಟ್ಟು ಹೋದರು ಎಂಬ ಜಗಳಕ್ಕೆ ಕೊನೆಯೂ ಇರುವುದಿಲ್ಲ. ಆದ್ದರಿಂದ ನಾಲ್ಕು ಗಂಟೆಯ ಪಾಳಿ ಎಂದರೆ ಮುದ್ರಣಕ್ಕೆ ಮೂರೂವರೆ, ಸ್ವಚ್ಛತೆಗೆ ಅರ್ಧ ಗಂಟೆ ಎಂದೇ ಮೊದಲ ದಿನದಿಂದ ಬರೆದಿಡಬೇಕು. ಶಾಯಿಯನ್ನು ಮೊದಲು ಅಡುಗೆ ಎಣ್ಣೆಯಿಂದ ಸಡಿಲಿಸಿ ಒರೆಸಿ, ಆಮೇಲೆ ಸೋಪಿನ ನೀರು. ಥಿನ್ನರ್ ಬೇಗ ತೆಗೆಯುತ್ತದೆ, ನಿಜ, ಆದರೆ ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಅದನ್ನೇ ಉಸಿರಾಡಬೇಕಾಗುತ್ತದೆ.

ಪಾಳಿ ಮುಗಿದ ಮೇಲೆ ಒತ್ತಡದ ಸ್ಕ್ರೂ ಸಡಿಲಿಸಿ ಫೆಲ್ಟ್ ತೆಗೆದು ತೂಗುಹಾಕಬೇಕು. ಒತ್ತಡದಲ್ಲೇ ರಾತ್ರಿ ಬಿಟ್ಟರೆ ಫೆಲ್ಟ್ ಒಂದೇ ಕಡೆ ಚಪ್ಪಟೆಯಾಗಿ ಸತ್ತುಹೋಗುತ್ತದೆ.

ಒರೆಸಿದ ಬಟ್ಟೆಗಳ ವಿಷಯ ಹಲವರಿಗೆ ಗೊತ್ತಿಲ್ಲ, ಗೊತ್ತಿರಲೇಬೇಕು. ಎಚಿಂಗ್ ಶಾಯಿಯಲ್ಲಿ ಅಗಸೆ ಎಣ್ಣೆ ಇರುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯ ರಾಶಿಯೊಳಗೆ ಆ ಬಿಸಿ ಕೂಡಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲೇ ಬಟ್ಟೆ ಹಾಕಬೇಕು. ನಮ್ಮ ಬೇಸಿಗೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ.

ದ್ರಾವಣದ ತೊಟ್ಟಿಗಳ ಮೇಲೆ ಯಾವ ಲೋಹಕ್ಕೆ ಎಂದು ದಪ್ಪ ಅಕ್ಷರದಲ್ಲಿ ಬರೆದಿರಬೇಕು. ತಾಮ್ರಕ್ಕೆ ಬಳಸುವ ಫೆರಿಕ್ ಕ್ಲೋರೈಡಿಗೆ ಯಾರಾದರೂ ಅಲ್ಯೂಮಿನಿಯಂ ಇಳಿಸಿದರೆ ದ್ರಾವಣ ಕೆರಳಿ ಬಿಸಿಯೇರುತ್ತದೆ, ಎಲ್ಲರ ತೊಟ್ಟಿಯೂ ಹಾಳು. ಬಲ ಮುಗಿದ ಮೈಲುತುತ್ತದ ನೀರನ್ನು ಚರಂಡಿಗೆ ಚೆಲ್ಲಬಾರದು, ತಾಮ್ರ ಮೀನಿಗೆ ವಿಷ. ಬಟ್ಟೆ ಒಗೆಯುವ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹೋದರೆ ತಾಮ್ರ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ತಿಳಿಯನ್ನು ಸೋಸಿ ಬೇರೆ ಮಾಡಿ, ಗಸಿಯನ್ನು ಒಣಗಿಸಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಬೇಕು.

ಹಣದ ವಿಷಯ ಚಿಕ್ಕದು. ಮಾಸಿಕ ಚಂದಾ ಬಾಡಿಗೆಗೆ, ವಿದ್ಯುತ್ತಿಗೆ, ಫೆಲ್ಟಿಗೆ. ಶಾಯಿ, ಕಾಗದ ಅವರವರದು. ಇವೆರಡನ್ನು ಬೆರೆಸಿದ ಕಡೆ ಲೆಕ್ಕ ಕೆಡುತ್ತದೆ.

ನಮ್ಮ ಊರಲ್ಲಿ ಶುರುವಾಗುವುದಾದರೆ

ಮೊದಲ ಆರು ತಿಂಗಳು ಪ್ರೆಸ್ ಬೇಡ. ಐದಾರು ಜನ, ಒಂದು ಉದ್ದನೆಯ ಮೇಜು, ಲಿನೋ ಹಾಳೆ, ಎರಡು ಮೂರು ಉಳಿ, ಒಂದು ರಬ್ಬರ್ ರೋಲರ್, ಒಂದು ಗಾಜಿನ ಹಲಗೆ. ಗಟ್ಟಿಯಾದ ಲಿನೋವನ್ನು ಹತ್ತು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯಂತೆ ಕೆತ್ತಬಹುದು. ಉಳಿ ಹಿಡಿಯದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು, ಮುಂದೆ ಬಂದರೆ ಗಾಯ ಖಂಡಿತ. ಶಾಯಿಯನ್ನು ಗಾಜಿನ ಮೇಲೆ ಆಡಿಸುವಾಗ ಕಿವಿಗೊಡಿ: ಒಗ್ಗರಣೆ ಸಣ್ಣಗೆ ಚಿರಗುಟ್ಟುವಂಥ ಸದ್ದು ಬಂದರೆ ಹದ, ಪಚಪಚ ಎಂದರೆ ಶಾಯಿ ಹೆಚ್ಚಾಗಿದೆ. ತೆಳು ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದರೆ ಪ್ರತಿ ಬರುತ್ತದೆ. ಈ ಆರು ತಿಂಗಳಲ್ಲಿ ಯಾರು ಪಾಳಿಗೆ ಸರಿಯಾಗಿ ಬರುತ್ತಾರೆ, ಯಾರು ತೊಳೆದಿಟ್ಟು ಹೋಗುತ್ತಾರೆ ಎಂಬುದೂ ತಿಳಿಯುತ್ತದೆ. ಪ್ರೆಸ್ ತರುವ ಮೊದಲು ತಿಳಿಯಬೇಕಾದ್ದು ಅದೇ. ಹಳೆಯ ಮೊಳೆ ಜೋಡಿಸುವ ಮುದ್ರಣಾಲಯಗಳಲ್ಲಿ ಕರಡು ಪ್ರತಿ ತೆಗೆಯುವ ಪ್ರೂಫ್ ಪ್ರೆಸ್ ಉಳಿದಿದ್ದರೆ ಗುಜರಿಗೆ ಹೋಗುವ ಮೊದಲು ಕೇಳಿ ನೋಡಿ, ಉಬ್ಬಚ್ಚಿಗೆ ಅದು ಚಮಚಕ್ಕಿಂತ ಎಷ್ಟೋ ಮೇಲು.

ಎಚಿಂಗ್ ಪ್ರೆಸ್ಸಿನ ವಿಷಯದಲ್ಲಿ ಬೆಳಗಾವಿಗೆ ಬೇರೆ ಊರಿಗಿಲ್ಲದ ಅನುಕೂಲವಿದೆ. ಅಲ್ಲಿನ ಕೈಗಾರಿಕಾ ಬಡಾವಣೆ ಉದ್ಯಮಬಾಗದ ಫೌಂಡ್ರಿ, ಲೇಥ್ ಶೆಡ್ಡುಗಳು ಇದಕ್ಕಿಂತ ನಾಜೂಕಿನ ಭಾಗಗಳನ್ನು ದಿನವೂ ಮಾಡುತ್ತವೆ. ನಕ್ಷೆ ಕೊಟ್ಟು ಮಾಡಿಸುವಾಗ ಬಿಗಿಯಾಗಿ ಹೇಳಬೇಕಾದ ಮಾತು ಒಂದೇ: ರೋಲರನ್ನು ಲೇಥಿನಲ್ಲಿ ತಿರುವಿ ಬಿಟ್ಟರೆ ಸಾಲದು, ಗ್ರೈಂಡ್ ಮಾಡಬೇಕು. ಸಾಮಾನ್ಯ ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ರೋಲರಿನ ಎರಡು ತುದಿಗಳ ನಡುವೆ ಅಷ್ಟು ವ್ಯತ್ಯಾಸ ಬಂದರೂ ಚಿತ್ರದ ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಪೇಲವ. ಫೆಲ್ಟಿನ ಬದಲು ನಮ್ಮ ಕಂಬಳಿ ಸಾಲದೇ ಎಂದು ಕೇಳುವವರಿದ್ದಾರೆ. ಕಂಬಳಿಯ ನೇಯ್ಗೆ ಒರಟು, ಎಳೆಯ ಗುರುತು ಕಾಗದದ ಮೇಲೆ ಎದ್ದು ಕಾಣುತ್ತದೆ. ಕಾಗದಕ್ಕೆ ತಾಗುವ ಪದರ ಒತ್ತು ಉಣ್ಣೆಯದೇ ಆಗಿರಬೇಕು.

ಪ್ರೆಸ್ ಬಂದ ದಿನ, ಹಣದ ಕೊನೆಯ ಕಂತು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ದಿನಪತ್ರಿಕೆಯಿಂದ ಎರಡು ಬೆರಳಗಲದ ನಾಲ್ಕು ಪಟ್ಟಿ ಕತ್ತರಿಸಿ. ಫೆಲ್ಟ್ ಇಲ್ಲದೆ, ರೋಲರಿನ ಎಡ ತುದಿ, ಬಲ ತುದಿ, ನಡುವೆ ಎರಡು ಕಡೆ ಅವನ್ನು ಹಾಸಿನ ಮೇಲಿಟ್ಟು, ಮೇಲಿನ ರೋಲರನ್ನು ಎರಡೂ ಸ್ಕ್ರೂನಿಂದ ಸಮನಾಗಿ ಹಗುರವಾಗಿ ಇಳಿಸಿ, ಒಂದೊಂದಾಗಿ ಎಳೆದು ನೋಡಿ. ನಾಲ್ಕೂ ಒಂದೇ ಬಿಗಿಯಲ್ಲಿ ಸಿಕ್ಕಿಕೊಂಡಿರಬೇಕು. ತುದಿಯ ಒಂದು ಪಟ್ಟಿ ಸಡಿಲವಾಗಿ ಜಾರಿದರೆ ಆ ಬದಿಯ ಸ್ಕ್ರೂ ಇನ್ನಷ್ಟು ಇಳಿಸಿ, ಮತ್ತೆ ಎಳೆಯಿರಿ. ನಡುವಿನವು ಜಾರಿ ತುದಿಯವು ಬಿಗಿಯಾಗಿದ್ದರೆ ಅದು ಸ್ಕ್ರೂವಿನಿಂದ ಸರಿಹೋಗುವ ದೋಷವಲ್ಲ. ರೋಲರನ್ನು ಮತ್ತೆ ಗ್ರೈಂಡಿಂಗಿಗೆ ಕಳಿಸಬೇಕು.